ಹಿಂದೆ ನಿಂತು ಕಲಿಸಿದವಳು

ಅವಳ ಹಿಮ್ಮಡಿಗಳು ಬೇಸಿಗೆಯ ಎರೆಹೊಲದ ಹಾಗೆ ಬಿರುಕು ಬಿಟ್ಟಿದ್ದವು. ಕಾಲ್ಬೆರಳುಗಳು ಒಂದಕ್ಕೊಂದು ತಾಗದೆ ಅಗಲವಾಗಿ ಹರಡಿಕೊಂಡಿದ್ದವು. ಬೀದರಿನಲ್ಲಿ ಯೋಗ ಶಿಕ್ಷಕರ ತರಬೇತಿ ಶುರುವಾದ ದಿನ ಆ ಪಾದಗಳು ನನ್ನ ಹೊಸ ಗುಲಾಬಿ ಚಾಪೆಯ ಪಕ್ಕಕ್ಕೇ ಬಂದು ನಿಂತವು. ನಾನು ಚಾಪೆಯನ್ನು ಒಂದು ಗೇಣು ಈಚೆ ಎಳೆದುಕೊಂಡೆ. ಅವಳು ನೋಡಿದಳು, ನಕ್ಕಳು. ಆ ನಗೆಯೇ ನನಗೆ ಸೇರಲಿಲ್ಲ.

ನಾನು ಭಾಲ್ಕಿಯವಳು, ಸಾಲಿ ಮಾಸ್ತರರ ಮಗಳು. ಆಸನಗಳ ಸಂಸ್ಕೃತ ಹೆಸರೆಲ್ಲ ನನಗೆ ಬಾಯಿಪಾಠ. ಮೈಯೂ ಹೇಳಿದಂತೆ ಬಾಗುತ್ತಿತ್ತು. ಅವಳು ಔರಾದ ತಾಲ್ಲೂಕಿನ ಎಕಂಬಾದವಳು, ಕುರಿ ಸಾಕುವವರ ಮನೆಯವಳು. ಬೀದರಿನಲ್ಲಿ ಅಕ್ಕನ ಮನೆಯಲ್ಲಿದ್ದುಕೊಂಡು ತರಬೇತಿಗೆ ಬರುತ್ತಿದ್ದಳು. ಕೂತು ಮುಂದಕ್ಕೆ ಬಾಗೆಂದರೆ ಅವಳ ಕೈ ಮೊಣಕಾಲು ದಾಟುತ್ತಿರಲಿಲ್ಲ. ಇವಳೇನು ಕಲಿಸಿಯಾಳು ಎಂದು ನಾನು ನಿಶ್ಚಿಂತಳಾಗಿದ್ದೆ.

ವೃಕ್ಷಾಸನದ ದಿನ ಆ ನಿಶ್ಚಿಂತೆ ಹೋಯಿತು. ಒಂಟಿಗಾಲಲ್ಲಿ ನಾವೆಲ್ಲ ತೂರಾಡುತ್ತಿದ್ದರೆ ಅವಳು ನಿಂತಳು, ನಿಂತೇ ಇದ್ದಳು. ಗುರುಗಳು "ಸಾಕವ್ವ" ಎಂದ ಮೇಲೆ ಕಾಲಿಳಿಸಿ, "ಹೊಲದಾಗ ಕೋಲಿಗಿ ಆತ್ಕೊಂಡು ಹಿಂಗೇ ನಿಂದರ್ತೇವ್ರಿ ಸರ್. ಇಲ್ಲಿ ಕೋಲಿಲ್ಲ, ಅಷ್ಟೇ" ಎಂದಳು. ಗುರುಗಳು ಮನಸಾರೆ ನಕ್ಕರು. ನನ್ನ ಯಾವ ಆಸನಕ್ಕೂ ಅವರು ಹಾಗೆ ನಕ್ಕವರಲ್ಲ. ನನಗೆ ಹೊಟ್ಟೆ ಉರಿಯಿತು.

ಗುರುಗಳಿಗೆ ವಯಸ್ಸಾಗಿತ್ತು. ಗಾಂಧಿ ಗಂಜ್ ಮಾರುಕಟ್ಟೆಯ ಹಮಾಲರಿಗೆ ತಾವು ದಿನಾ ಬೆಳಗ್ಗೆ ನಡೆಸುತ್ತಿದ್ದ ವರ್ಗವನ್ನು, ತರಬೇತಿ ಮುಗಿದ ಮೇಲೆ ನಮ್ಮಲ್ಲೊಬ್ಬರಿಗೆ ಒಪ್ಪಿಸುತ್ತೇನೆ ಎಂದಿದ್ದರು. ಅದು ನನಗೇ ಎಂದು ನಾನು ಮನೆಯಲ್ಲಿ ಆಗಲೇ ಹೇಳಿಯೂಬಿಟ್ಟಿದ್ದೆ.

ನಾವು ಸರದಿಯಂತೆ ಉಳಿದವರಿಗೆ ಪಾಠ ಹೇಳಿಕೊಡಬೇಕಿತ್ತು. ಎಲ್ಲರೂ ಮುಂದೆ ನಿಂತು ಮಾಡಿ ತೋರಿಸಿದರೆ, ಅವಳು ಎರಡು ಮಾತು ಹೇಳಿ ಸಾಲಿನ ಹಿಂದೆ ಹೋಗಿಬಿಡುತ್ತಿದ್ದಳು.

"ಏನವ್ವ, ಕಲಿಸೋರು ಮುಂದ ನಿಂದರಬೇಕಿಲ್ಲ?" ಎಂದು ಚುಚ್ಚಿದೆ.

"ಕುರಿಗಳ ಮುಂದ ನಾ ನಡದ್ರ, ಹಿಂದ ಯಾವುದು ಕುಂಟ್ಲತ್ತದ ಅಂತ ಹ್ಯಾಂಗ ತಿಳೀಬೇಕ್ರಿ ಅಕ್ಕಾ?"

"ನೋಡ್ರಿ, ನಮ್ಮನ್ನೆಲ್ಲ ಕುರಿ ಮಾಡಿದಳು!" ಎಂದು ಎಲ್ಲರನ್ನೂ ನಗಿಸಿದೆ. ಅವಳೂ ನಕ್ಕಳು. ವರ್ಗ ಮುಗಿದು ಚಪ್ಪಲಿ ಮೆಟ್ಟುವಾಗ ಮಾತ್ರ ಪಕ್ಕಕ್ಕೆ ಬಂದು, "ನಿಮ್ಮ ಎಡ ಮೊಣಕಾಲು ನೋಯ್ತದಲ್ರಿ ಅಕ್ಕಾ? ಭಾರ ಎಲ್ಲ ಬಲಗಾಲಿಗೇ ಹಾಕ್ತೀರಿ" ಎಂದಳು.

ಆ ನೋವನ್ನು ನಾನು ಯಾರಿಗೂ ಹೇಳಿರಲಿಲ್ಲ. "ನಿನ್ನ ಕೆಲಸ ನೀ ನೋಡ್ಕೋ" ಎಂದು ರೇಗಿದೆ. ಗುರುಗಳ ಕಿವಿಗೆ ಹಾಕಿಯೇ ಹಾಕುತ್ತಾಳೆ ಎಂದು ವಾರವೆಲ್ಲ ಹೆದರಿದೆ. ಹಾಕಲಿಲ್ಲ. ಅದಕ್ಕೂ ನನಗೆ ಸಿಟ್ಟೇ ಬಂತು. ಎಂಥ ದೊಡ್ಡಸ್ತಿಕೆ ಇವಳದು!

ಕೊನೆಯ ಪರೀಕ್ಷೆ ಗಂಜಿನಲ್ಲೇ, ಹಮಾಲರ ಎದುರಿಗೇ. ನಾನು ಕಟ್ಟೆ ಹತ್ತಿ, ನಿಂತಲ್ಲೇ ಬಾಗಿ ಹಣೆಯನ್ನು ಮೊಣಕಾಲಿಗೆ ತಾಗಿಸಿದೆ. ಚಪ್ಪಾಳೆ ಬಿತ್ತು. ತಲೆ ಕೆಳಗಾಗಿದ್ದ ನನಗೆ ಹಿಂದಿನ ಸಾಲು ಕಾಣುವುದಾದರೂ ಹೇಗೆ? ದಿನವಿಡೀ ತೊಗರಿ ಮೂಟೆ ಹೊರುವ ಹಿರಿಯರೊಬ್ಬರು ನನ್ನ ಸಮ ಬಾಗಲು ಹೋಗಿ, ಸೊಂಟ ಹಿಡಿದು, ಮೇಲೇಳಲಾರದೆ ನಿಂತಿದ್ದರು. ಅವರ ಬಳಿಗೆ ಓಡಿದವಳು ಅವಳು.

"ಕಾಕಾ, ಮೊಣಕಾಲು ಮಡಚ್ರಿ. ಉಸುರು ಬಿಡ್ರಿ. ನನ್ನ ಹೆಗಲ ಹಿಡೀರಿ."

ಅವರನ್ನು ಮೂಟೆಯ ಮೇಲೆ ಕೂರಿಸಿದಳು. ತನ್ನ ಸರದಿ ಬಂದಾಗ ಯಾರನ್ನೂ ಬಾಗಿಸಲಿಲ್ಲ. ಗೋಡೆಗೆ ಅಂಗೈ ಊರಿಸಿ, ಬೆನ್ನು ಚಾಚಿಸಿ, ತಾನು ಒಬ್ಬೊಬ್ಬರ ಹಿಂದೆಯೂ ಓಡಾಡಿದಳು. ವರ್ಗ ಅವಳಿಗೆ ಹೋಯಿತು. ನನಗೆ ಗುರುಗಳು, "ನಿನ್ನ ಆಸನ ಭಾಳ ಚಂದ ಅದವ್ವ" ಎಂದರು. ಅಷ್ಟೇ. ಬಸ್ಸಿನಲ್ಲಿ ಭಾಲ್ಕಿಯವರೆಗೂ ಅತ್ತೆ. ಆ ಹಿರಿಯರ ಸೊಂಟ ಏನಾಯಿತೆಂದು ಒಮ್ಮೆಯೂ ನೆನೆಯಲಿಲ್ಲ.

ಈಗ ಭಾಲ್ಕಿಯಲ್ಲಿ ನನ್ನದೂ ಒಂದು ವರ್ಗವಿದೆ. ಹಿಂದೆ ನಿಂತೇ ಕಲಿಸುತ್ತೇನೆ. ಮೊನ್ನೆ ಮೆಹಕರದಿಂದ ಬರುವ ಹೆಂಗಸೊಬ್ಬಳು, "ನಾ ಹೇಳೂಕಿಂತ ಮೊದಲೇ ನನ್ನ ಸೊಂಟದ ನೋವು ಹಿಡದ್ರಲ್ರಿ ಮೇಡಂ! ಹಿಂಗ ಹಿಂದ ನಿಂತು ನೋಡೂದು ಯಾರು ಕಲಿಸ್ಯಾರ?" ಎಂದು ಕೇಳಿದಳು.

"ಯಾರೂ ಇಲ್ಲ, ನಂದೇ ಪದ್ಧತಿ" ಎಂದೆ. ನಾಲಿಗೆ ತಡವರಿಸಲೂ ಇಲ್ಲ.

ಅವಳು ಇವತ್ತಿಗೂ ಗಂಜಿನಲ್ಲೇ ಕಲಿಸುತ್ತಾಳೆ. ಹಬ್ಬ ಬಂದರೆ ಫೋನ್ ಮಾಡುತ್ತಾಳೆ. ಮೊದಲು ಕೇಳುವುದು ಒಂದೇ: "ಮೊಣಕಾಲು ಹ್ಯಾಂಗದ್ರಿ ಅಕ್ಕಾ?" ಚೆನ್ನಾಗಿದೆ, ಅವಳು ಹಮಾಲರಿಗೆ ಹೇಳಿಕೊಟ್ಟಂತೆ ಗೋಡೆ ಹಿಡಿದು ಮಾಡಿಯೇ ಚೆನ್ನಾಗಿದೆ. ಅದನ್ನೂ ಅವಳಿಗೆ ಹೇಳಿಲ್ಲ.

ಇಲ್ಲಾದರೂ ಅವಳ ಹೆಸರು ಬರೆದು ಋಣ ಒಪ್ಪಿಕೊಳ್ಳೋಣ ಎಂದೇ ಬರೆಯಲು ಕೂತೆ. ಮೊದಲಿನಿಂದ ಓದಿ ನೋಡಿದೆ. ಎಲ್ಲೂ ಬರೆದಿಲ್ಲ.