ರೇಟು ಹೇಳದ ಸೊಸೆ

ಭೂತಮ್ಮ ದಾನೇಶ್ವರಿಯ ಹೆಸರನ್ನು ಮೊದಲು ಕೇಳಿದ್ದು ಅಟ್ಟದ ಮೇಲೆ ಕೂತಿದ್ದಾಗ. ಕೊಬ್ಬರಿಯಾಗಲೆಂದು ಹೋದ ವರ್ಷ ಹಾಕಿದ್ದ ತೆಂಗಿನಕಾಯಿಗಳನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟುಕೊಂಡು ಲೊಟಲೊಟ ಅನ್ನುತ್ತಿದೆಯೇ ಎಂದು ನೋಡುತ್ತಿದ್ದಳು. ಪಕ್ಕದ ಮನೆಯ ರಂಗಕ್ಕ ಏಣಿಯ ಬುಡದಲ್ಲಿ ನಿಂತು ಕೂಗಿದಳು.

“ಭೂತಕ್ಕ, ನನ್ ಮಗ ರಂಗರಾಜಂಗೆ ಹೆಣ್ಣು ಗೊತ್ತಾಯ್ತು ಕಣೇ. ತುರುವೇಕೆರೆ ಕಡೇರು. ದಾನೇಶ್ವರಿ ಅಂತ. ತುಮಕೂರಲ್ಲಿ ಎಂ.ಎ. ಓದ್ತಾವ್ಳೆ, ಅರ್ಥಶಾಸ್ತ್ರ!”

“ಹಂಗಂದ್ರೆ?”

“ದುಡ್ಡಿನ ಇದ್ಯೆ. ಇನ್ಮೇಲೆ ಕೊಬ್ರಿ ರೇಟು ಮನೇಲೇ ಗೊತ್ತಾಯ್ತದೆ!”

ಶೆಟ್ಟಿಕೆರೆ ಪಕ್ಕದ ಆ ಊರೆಲ್ಲ ಹಾಗೇ ನಂಬಿತು. ಸೊಸೆ ಬಂದು ವಾರವಾಗಿರಲಿಲ್ಲ, ತಿಪಟೂರು ಕೊಬ್ಬರಿ ಹರಾಜಿನ ಹಿಂದಿನ ದಿನ ರಂಗಕ್ಕನ ಜಗಲಿ ತುಂಬ ಜನ. ಶಾಸ್ತ್ರ ಕೇಳಲು ಬಂದವನಂತೆ ಮುದುಕ ಮಾರಯ್ಯ ಎಲೆ ಅಡಿಕೆ ಹಿಡಿದು ಕೂತಿದ್ದ.

“ಹೇಳವ್ವ, ಈಗ್ಲೇ ಕೊಡಾನಾ, ಯುಗಾದಿಗಂಟ ಮಡಗಾನಾ?”

ದಾನೇಶ್ವರಿ ಸೆರಗು ಸರಿಮಾಡಿಕೊಂಡು, “ಗೊತ್ತಿಲ್ಲ ತಾತ” ಎಂದಳು.

“ಗೊತ್ತಿಲ್ಲ ಅನ್ನೋಕೆ ನಮ್ಮನೆ ಎಮ್ಮೆ ಸಾಕಲ್ಲ ರಂಗಕ್ಕ, ತುಮಕೂರು ಬಸ್ ಚಾರ್ಜ್ ಯಾಕೆ?” ಎಂದ ಮಾರಯ್ಯ. ಜಗಲಿಯೆಲ್ಲ ನಗು.

ರಂಗಕ್ಕನಿಗೆ ತಲೆ ಎತ್ತಲಾಗಲಿಲ್ಲ. ಎರಡನೇ ವರ್ಷದ ಕಾಲೇಜು ಶುರುವಾಗುವ ಹೊತ್ತಿಗೆ, “ಓದಿದ್ದು ಸಾಕು, ಕೊಟ್ಟಿಗೆ ನೋಡ್ಕೋ” ಎಂದುಬಿಟ್ಟಳು. ರಂಗರಾಜು ಅಮ್ಮನ ಮಾತಿಗೇ ತಲೆಯಾಡಿಸಿ ತೋಟಕ್ಕೆ ಹೋದ.

ದಾನೇಶ್ವರಿ ಭೂತಮ್ಮನ ಅಡುಗೆಮನೆಗೆ ಬಂದು ಅತ್ತಳು. ಭೂತಮ್ಮ ಕಾಫಿ ಕೊಟ್ಟು, “ಅದನ್ನ ಓದಿ ಏನಾಗ್ತೀಯ ಮಗಾ?” ಎಂದಳು.

“ಬ್ಯಾಂಕಿಗೆ ಹೋಗ್ಬೋದು ಅಜ್ಜಿ. ಸರ್ಕಾರದಲ್ಲಿ ಊರೂರು ತಿರುಗಿ, ಜನ ಏನು ಬೆಳೀತಾರೆ, ಏನು ತಿಂತಾರೆ ಅಂತ ಬರ್ಕೊಳ್ಳೋ ಕೆಲ್ಸಾನೂ ಇದೆ. ನಂಗೆ ಮಾತ್ರ ಪಾಠ ಹೇಳೋ ಆಸೆ.”

“ರೇಟು ನಿಜವಾಗ್ಲೂ ಗೊತ್ತಾಗಲ್ವಾ?”

“ಯಾರಿಗೂ ಗೊತ್ತಾಗಲ್ಲ. ಅದಕ್ಕೇ ಒಂದೇ ಸಲ ಅಟ್ಟ ಖಾಲಿ ಮಾಡ್ಬೇಡಿ ಅಜ್ಜಿ. ಅರ್ಧ ಈಗ ಕೊಡಿ, ಅರ್ಧ ಇರ್ಲಿ.”

ಗಂಡ ಹೋದ ಮೇಲೆ ಭೂತಮ್ಮನಿಗೆ ಬುದ್ಧಿ ಹೇಳಿದವರು ಬೇಕಾದಷ್ಟು ಜನ. ಏರುತ್ತೆ ಅಂದವರೂ ಇಳಿಯುತ್ತೆ ಅಂದವರೂ ಕಣ್ಣಾರೆ ಕಂಡು ಬಂದವರಂತೆ ಹೇಳಿದ್ದರು. ಗೊತ್ತಿಲ್ಲದಾಗ ಏನು ಮಾಡಬೇಕೆಂದು ಹೇಳಿಕೊಟ್ಟವಳು ಇವಳೊಬ್ಬಳೇ. ಅಂದಿನಿಂದ ಭೂತಮ್ಮನ ಅಟ್ಟ ಬರಿದಾಗಿಲ್ಲ. ಹರಾಜಿನ ದಿನ ಎದೆ ಡವಗುಟ್ಟುವುದೂ ನಿಂತಿದೆ. ಅನ್ನ ಉಣ್ಣುವಾಗಲೆಲ್ಲ ಆ ಹುಡುಗಿಯನ್ನು ನೆನೆಯುತ್ತಾಳೆ.

ದಾನೇಶ್ವರಿ ಬಂದು ಅತ್ತ ದಿನವೇ ಸಂಜೆ ಭೂತಮ್ಮ ರಂಗಕ್ಕನ ಕೊಟ್ಟಿಗೆಗೆ ಹೋಗಿದ್ದಳು.

“ಅಷ್ಟು ಜನದ ಮುಂದೆ ಗೊತ್ತಿಲ್ಲ ಅನ್ನೋಕೆ ಗಟ್ಟಿ ಎದೆ ಬೇಕು ಕಣೇ. ಅವಳನ್ನ ಕಳ್ಸು. ಅವಳು ಬಸ್ ಹತ್ತಿದ ದಿನ ನಿನ್ನ ಹಸು ಕರೆಯಾದು, ಸಗಣಿ ಬಾಚಾದು ನಂದು.”

“ನಿಂಗೆ ಸೊಂಟ ನೋವು ಅಂತಿದ್ಯಲ್ಲೇ?”

“ಅದು ನಿನ್ ಮಾತು ಕೇಳ್ದಾಗ ಬರಾದು, ಬುಡು.”

ರಂಗಕ್ಕನಿಗೂ ನಗು ತಡೆಯಲಾಗಲಿಲ್ಲ. ಸೊಸೆ ಮತ್ತೆ ತುಮಕೂರು ಬಸ್ ಹತ್ತಿದಳು, ಕೆಲವು ದಿನ ಭೂತಮ್ಮನೇ ಹಸು ಕರೆದಳು. ಆಮೇಲೆ ರಂಗಕ್ಕ ನಾಚಿಕೊಂಡು ಚೊಂಬು ಕಿತ್ತುಕೊಂಡಳು.

ದಾನೇಶ್ವರಿ ಪಾಸಾದಳು. ಜೊತೆಗೆ ಓದಿದ ಶಿಲ್ಪ ಬ್ಯಾಂಕ್ ಸೇರಿದಳು. ಇವಳು ಇನ್ನೊಂದು ಪರೀಕ್ಷೆ ಬರೆದು ತಿಪಟೂರಿನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಮೇಡಮ್ಮಾದಳು. ಮೊನ್ನೆ ಗಂಡನ ಜೊತೆ ಅಲ್ಲೇ ಮನೆ ಮಾಡಿಕೊಂಡು ಹೊರಡುವಾಗ ಭೂತಮ್ಮನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು.

“ಅಜ್ಜಿ, ನನ್ನ ಸ್ಟೂಡೆಂಟ್ಸ್‌ನ ಒಂದಿನ ಕರ್ಕೊಂಡ್ ಬತ್ತೀನಿ. ಅಟ್ಟ ಹತ್ತಿಸಿ ಕಾಯಿ ಅಲ್ಲಾಡ್ಸಿ ತೋರಿಸ್ತೀರಾ?”

“ಬಾ ಮಗಾ, ಅದ್ನೂ ಕೇಳ್ಬೇಕಾ?”

ಹೊಸಿಲು ದಾಟಿದವಳು ತಿರುಗಿ ನಿಂತಳು. “ಇನ್ನೊಂದು ಅಜ್ಜಿ. ಅವರ ಮುಂದೆ ಮಾತ್ರ ನನ್ನನ್ನ ಕೊಬ್ರಿ ರೇಟು ಕೇಳ್ಬೇಡಿ.”