ಒಂದೇ ತಗಡಿಗೆ ಎರಡು ಬಣ್ಣ

ಕೇಳಿರಿ ಗೆಳೆಯರೇ, ಇವತ್ತು ಮಾನ್ವಿಯ ನಮ್ಮ ತಗಡಿನ ಸೂರು ರಣರಂಗವಾಗಿತ್ತು. ಹೊಸದಾಗಿ ಏಳುತ್ತಿರುವ ಶಕ್ತಿನಗರದ ಕರೆಂಟಿನ ಕಾರ್ಖಾನೆಯಲ್ಲಿ ಕೆಲಸ ಹಿಡಿದ ಅಣ್ಣ ಹಸಿರು ಬಣ್ಣದ ಡಬ್ಬಿ ಹಿಡಿದು ಮೇಲೆ ಹತ್ತಿದ. ನಾನು ಕೆಂಪು ಹಿಡಿದು ಆಚೆ ತುದಿಯಿಂದ ಹತ್ತಿದೆ. ಒಲೆ ಬೇರೆಯಾದ ಮೇಲೆ ನಮ್ಮಿಬ್ಬರಲ್ಲಿ ಮಾತಿಲ್ಲ.

ಅಣ್ಣ ನಡುವೆ ಸುಣ್ಣದ ಗೆರೆ ಎಳೆದು, ಕೆಳಗಿದ್ದ ಅವ್ವನಿಗೆ, “ಗೆರಿ ದಾಟಿದರ ಕೈ ಮುರೀತೀನಂತ ಅವಗ ಹೇಳಬೇ” ಎಂದ.

“ನಾಳಿ ನಿಮ್ಮ ತಂಗೀನ ನೋಡಾಕ ಬರೋರು ಮನಿ ಒಡೆದದ್ದನ್ನ ಓಣ್ಯಾಗ ನಿಂತು ನೋಡಬೇಕೇನಲೇ? ಡಬ್ಬಿ ಕೊಡ್ರಿ ಇಲ್ಲೆ” ಎಂದಳು ಅವ್ವ.

ಕೊಟ್ಟೆವು. ಅವ್ವ ಎರಡನ್ನೂ ಒಂದೇ ಬಕೆಟ್ಟಿಗೆ ಸುರಿದು ಕೋಲಿನಿಂದ ತಿರುವಿದಳು. “ಈಗ ಬಳೀರಿ.”

ಸಂಜೆಗೆ ಸೂರೆಲ್ಲ ಎಮ್ಮೆ ಸಗಣಿಯ ಬಣ್ಣ. ಕೆಳಗಿಳಿದ ಅಣ್ಣ ನೇರ ನನಗೇ ಹೇಳಿದ, “ಭಾಳ ಹೊಲಸ ಕಾಣ್ತದಲೇ.”

“ಹೌದಣ್ಣಾ” ಎಂದೆ.

ಒಲೆ ಬೇರೆಯಾದ ಮೇಲೆ ನಾವಿಬ್ಬರೂ ಒಪ್ಪಿದ ಮೊದಲ ಮಾತು ಅದು.