ಚಂದ್ರಿಕೆಯ ನೆರಳು ಬೀಳುವ ಗೋಡೆ

2026ರ ಫೆಬ್ರುವರಿ 9, ಸೋಮವಾರ, ಬೆಳಿಗ್ಗೆ ಆರು ಗಂಟೆ ಐವತ್ತು ನಿಮಿಷ. ಗೋಡೆಯ ಮೇಲೆ ಏಳು ಚಂದ್ರಿಕೆಗಳಿವೆ. ಮೇಲೂರಿನ ರೇಷ್ಮೆ ಸೀರೆ ಕಾರ್ಖಾನೆಯೊಂದರಲ್ಲಿ ಕಸ ಗುಡಿಸುವ ಚಿಕ್ಕವೆಂಕಟಮ್ಮ ನಕ್ಷೆಕೋಣೆಯ ಮೂಲೆಗೆ ಪೊರಕೆ ಒರಗಿಸಿ, ಮೂರನೆಯ ಚಂದ್ರಿಕೆಯನ್ನು ನಾಲ್ಕು ಬೆರಳು ಎಡಕ್ಕೆ ಸರಿಸುತ್ತಾರೆ. ಮೂಡಣ ಕಿಟಕಿಯಿಂದ ಬಿಸಿಲು ಓರೆಯಾಗಿ ಒಳಬರುತ್ತದೆ. ರೇಷ್ಮೆಹುಳು ಗೂಡು ಕಟ್ಟಲೆಂದು ಬಿದಿರಿನಲ್ಲಿ ಸುರುಳಿಸುರುಳಿಯಾಗಿ ಹೆಣೆದ ಆ ತಟ್ಟಿಗಳ ನೆರಳು ಸುಣ್ಣದ ಗೋಡೆಯ ಮೇಲೆ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಕೆರೆಯಲ್ಲಿ ಎದ್ದ ಅಲೆ ದಡ ಸೇರುವುದನ್ನೇ ಮರೆತಂತೆ.

"ಸೂರ್ಯ ದಿನಾ ಒಂದೇ ಕಡೆ ಹುಟ್ಟಲ್ವಲ್ಲಪ್ಪ. ಅವನು ಸರಿದಂಗೆ ನಾನೂ ಸರಿಸ್ತೀನಿ. ಇದಕ್ಕೇನು ಓದಿರಬೇಕಾ?" ಎನ್ನುತ್ತಾರೆ.

ಇಂದು ಈ ಕಿಟಕಿ ಮುಚ್ಚಲಿದೆ. ಮಾಲೀಕ ಮಧುಸೂದನ್ ಬಡಗಿಯನ್ನು ಕರೆತಂದು ಕಿಟಕಿಯೂ ಸೇರಿ ಗೋಡೆಗೆಲ್ಲ ಹಲಗೆ ಹೊದಿಸಲಿದ್ದಾರೆ.

ಚಿಕ್ಕವೆಂಕಟಮ್ಮನವರಿಗೆ ಐವತ್ತೆಂಟು ವರ್ಷ. ಇಪ್ಪತ್ತೆರಡು ವರ್ಷ ಹುಳು ಮೇಯಿಸುವ ಕೂಲಿ ಮಾಡಿದರು. ದಮ್ಮು ಹಿಡಿದ ಮೇಲೆ ಇಲ್ಲಿ ಒಂಬತ್ತು ವರ್ಷ. ದಿನಕ್ಕೆ ಹದಿನಾಲ್ಕು ಕೋಣೆ, ನೂರಾ ಹನ್ನೆರಡು ಮೆಟ್ಟಿಲು. ನಾಲ್ಕು ವರ್ಷದ ಹಿಂದೆ ಮಾಲೀಕರ ಹುಳದ ಮನೆಗೆ ಪ್ಲಾಸ್ಟಿಕ್ ಚಂದ್ರಿಕೆ ಬಂದಾಗ ಬಿದಿರಿನವನ್ನು ಸುಡಲು ಅವರು ಚಿಕ್ಕವೆಂಕಟಮ್ಮನವರಿಗೆ ಹೇಳಿದರು. ಅಂದು ಮಳೆ. ಒಣಗಲಿ ಎಂದು ಈಕೆ ಅವನ್ನು ಇಲ್ಲಿ ನೇತುಹಾಕಿದರು. ಮರುದಿನ ಸೀರೆಯ ಅಂಚು, ಸೆರಗಿಗೆ ನಕ್ಷೆ ಬರೆಯುವ ಪದ್ಮಶ್ರೀ ಬಂದವಳು ಚೀಲವನ್ನೂ ಇಳಿಸದೆ ನಿಂತುಬಿಟ್ಟಳು.

"ಬೈತಾಳೇನೋ ಅಂತ ಹೆದರಿದ್ದೆ. ತೆಗೀಬೇಡಮ್ಮೋ ಅಂದ್ಲು."

ಕಳೆದ ವರ್ಷ ಸೂರು ದುರಸ್ತಿಯಾಗುವಾಗ ನಕ್ಷೆಯವರು ಐವರೂ ಮುಂದಿನ ಹೊಸ ಕೋಣೆಯಲ್ಲಿ ಕೂತರು. ಏಸಿ ಇದೆ, ಕಿಟಕಿಯಿಲ್ಲ. ಆರು ವಾರಕ್ಕೆ ಹೊಸ ನಕ್ಷೆ ಮೂರು. ಇಲ್ಲಿಗೆ ಮರಳಿದ ಮೇಲೆ ಆರು ವಾರಕ್ಕೆ ಹನ್ನೊಂದು. ಇದು ರುಜುವಾತಲ್ಲ, ಎಣಿಕೆ.

"ಅಲ್ಲಿ ಕೂತ್ರೆ ಹಳೇ ಅಂಚೇ ಕೈಗೆ ಬರ್ತವೆ," ಎನ್ನುತ್ತಾಳೆ ಪದ್ಮಶ್ರೀ. "ಇಲ್ಲಿ ಸುಮ್ನೆ ಗೋಡೆ ನೋಡ್ತಿರ್ತೀನಿ. ಕೆಲ್ಸಗಳ್ಳಿ ಅಂತ ಈ ಗುಡಿಸೋ ಅಮ್ಮ ಗೊಣಗೋಷ್ಟರಲ್ಲಿ ಒಂದು ಗೆರೆ ಹುಟ್ಟಿರುತ್ತೆ."

ಏಳು ಗಂಟೆಗೆ ಮಧುಸೂದನ್, ಹಿಂದೆಯೇ ಬಡಗಿ ನಲ್ಲಪ್ಪ.

"ವ್ಯಾಪಾರಸ್ಥರು ಬಂದ್ರೆ ಇದು ಆಫೀಸೋ, ಹುಳದ ಮನೆಯೋ ಅಂತ ನಗ್ತಾರೆ ಕಣಮ್ಮ."

"ಮುಚ್ಚಪ್ಪ, ನಿನ್ನ ಗೋಡೆ. ಅರ್ಧ ಗಂಟೆ ಇಲ್ಲಿ ಕೂತ್ಕೊಂಡು ಆಮೇಲೆ ಮುಚ್ಚು."

ಮಾಲೀಕರು ಕೂರುತ್ತಾರೆ. ಐದು ನಿಮಿಷ ಮೊಬೈಲು ನೋಡುತ್ತಾರೆ. ಆಮೇಲೆ ಅದು ತೊಡೆಯ ಮೇಲೆ ಮಗುಚಿ ಬೀಳುತ್ತದೆ. ನೆರಳು ಉಸಿರಾಡುವಂತೆ ಕುಗ್ಗುತ್ತಿದೆ. ಚಿಕ್ಕವೆಂಕಟಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾರೆ, ಬಿಚ್ಚುತ್ತಾರೆ.

ಏಳೂವರೆಗೆ ನಲ್ಲಪ್ಪ ಕೆಮ್ಮುತ್ತಾರೆ. "ಅಣ್ಣ, ಮೊಳೆ ಹೊಡೀಲಾ? ಮುಂಗಡ ಬೇರೆ ತಿಂದಾಯ್ತು."

"ಹಲಗೆ ವಾಪಸ್ ತಗೊಂಡೋಗು," ಎಂದ ಮಧುಸೂದನ್ ಗೋಡೆಯಿಂದ ಕಣ್ಣು ಕೀಳುವುದಿಲ್ಲ.

ಚಿಕ್ಕವೆಂಕಟಮ್ಮ ಪೊರಕೆ ಕೈಗೆತ್ತಿಕೊಳ್ಳುತ್ತಾರೆ. "ಹಂಗಾದ್ರೆ ಪಡುವಲ ಗೋಡೆಗೊಂದು ಕಿಟಕಿ ಮಾಡ್ಕೊಡ್ಲಿ ಬಿಡಪ್ಪ. ಸಾಯಂಕಾಲ ಕೂತಿರೋರ್ಗೂ ಬೇಕಲ್ಲ."

"ಏಮಮ್ಮಾ, ಹಲಗೆ ಹೊಡೆಯೋಕೆ ಬಂದೋನ ಕೈಲಿ ಗೋಡೇನೇ ಒಡೆಸ್ತೀಯಲ್ಲ!" ನಲ್ಲಪ್ಪ ನಗುತ್ತಲೇ ಟೇಪು ಬಿಚ್ಚುತ್ತಾರೆ. ಮಾಲೀಕರು ಬೇಡವೆನ್ನುವುದಿಲ್ಲ.

ಮುಂಗಡಕ್ಕೆ ಪ್ರತಿಯಾಗಿ ನಲ್ಲಪ್ಪ ಈಗ ಒಂದು ಕಿಟಕಿ ಬಾಕಿ ಉಳಿಸಿಕೊಂಡಿದ್ದಾರೆ: ಅಗಲ ಮೂರು ಅಡಿ, ಎತ್ತರ ನಾಲ್ಕು.